ಕಾಲು ತೆಗೆಯುವ ಮೊದಲು

ಇವತ್ತಿನ ಮಾತು ಕಾಲಿನ ರಕ್ತನಾಳಗಳ ಕಾಯಿಲೆ ಮತ್ತು ಅದರ ಶಸ್ತ್ರಚಿಕಿತ್ಸೆಯ ಬಗ್ಗೆ. ಹೇಳಬೇಕಾದದ್ದು ಒಂದೇ ಸಂಗತಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ ಎಂದು ನೋಡದೆ ಯಾರ ಕಾಲನ್ನೂ, ಯಾರ ಬೆರಳನ್ನೂ ತೆಗೆಯಬಾರದು. ಆ ನೋಡುವ ಕೆಲಸ ದೂರದ ಬೆಂಗಳೂರಿನಲ್ಲಿ ಶುರುವಾಗುವಂಥದ್ದಲ್ಲ. ಬಾಗಲಕೋಟೆ ಜಿಲ್ಲೆಯ ಹುನಗುಂದ, ಬಾದಾಮಿ, ಇಳಕಲ್ಲಿನ ದವಾಖಾನೆಗಳಲ್ಲಿಯೇ ಶುರುವಾಗಬೇಕು. ಇದಕ್ಕೆ ಅಪವಾದ ಒಂದಿದೆ. ಕೊಳೆತ ಮೇಲೇರಿ, ನಂಜು ಮೈಗೆಲ್ಲ ಹಬ್ಬಿ, ಜೀವವೇ ಹೋಗುವ ಹೊತ್ತು ಬಂದಾಗ ವೈದ್ಯರು ಕಾಯುವುದಿಲ್ಲ, ಕಾಯಲೂಬಾರದು. ಅಲ್ಲಿ ಕಾಲು ತೆಗೆಯುವುದೇ ಜೀವ ಉಳಿಸುವ ಚಿಕಿತ್ಸೆ. ಆದರೆ ಕಾಲು ಕಳೆದುಕೊಳ್ಳುವವರೆಲ್ಲ ಈ ಸ್ಥಿತಿಯಲ್ಲಿ ಬಂದವರಲ್ಲ. ಎಷ್ಟೋ ಜನರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಸಮಯ ಇತ್ತು. ಆ ಸಮಯದಲ್ಲಿ ಪಟ್ಟಿ ಕಟ್ಟಿದ್ದಾಯಿತು, ಮುಲಾಮು ಹಚ್ಚಿದ್ದಾಯಿತು, ಗುಳಿಗೆ ಬದಲಾಯಿಸಿದ್ದಾಯಿತು. ಕಾಲಿನ ನಾಡಿ ಮಾತ್ರ ಯಾರೂ ಮುಟ್ಟಿ ನೋಡಲಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಇಲ್ಲಿನ ದುಡಿಮೆಯೆಲ್ಲ ಕಾಲಿನ ಮೇಲೆ ನಿಂತಿದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರ ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕೂರುತ್ತಾನೆ. ಕೈ ಲಾಳಿ ಎಸೆದರೆ ಕಾಲು ತುಳಿಯಬೇಕು. ಒಂದು ಕಾಲು ಹೋದರೆ ಮಗ್ಗವೂ ಹೋದಂತೆ. ವಿದ್ಯುತ್ ಮಗ್ಗಕ್ಕೆ ಬದಲಾದವರದು ಬೇರೆ ಕಷ್ಟ. ಅವರು ಇಡೀ ಪಾಳಿ ನಿಂತೇ ಇರುತ್ತಾರೆ. ನಿಂತು ನಿಂತು ಕಾಲಿನ ಅಶುದ್ಧ ರಕ್ತದ ನಾಳಗಳು ಉಬ್ಬುತ್ತವೆ. ಹುನಗುಂದ, ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಉರುಳಿ ಕಾಲು ಜಜ್ಜುತ್ತದೆ, ಮೂಳೆ ಮುರಿಯುವುದರ ಜೊತೆ ರಕ್ತನಾಳವೂ ಹರಿದುಹೋಗುತ್ತದೆ. ಬಾದಾಮಿ ಕಡೆಯ ಹೊಲಗಳಲ್ಲಿ ಜಾಲಿಮುಳ್ಳು ಚುಚ್ಚದ ಪಾದ ಕಡಿಮೆ. ಇನ್ನು ಯುಗಾದಿಯ ಮುಂಚೆ ಈ ಸೀಮೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಆ ಬಿಸಿಲಲ್ಲಿ, ಕಾದ ಡಾಂಬರಿನ ಮೇಲೆ, ಹಲವರು ಬರಿಗಾಲಲ್ಲಿ ನಡೆಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ. ಭಕ್ತಿಯನ್ನು ಇಲ್ಲಿ ಆಕ್ಷೇಪಿಸುತ್ತಿಲ್ಲ. ಚಪ್ಪಲಿ ಹಾಕಿಕೊಂಡು ನಡೆದರೆ ಶ್ರೀಶೈಲದ ಮಲ್ಲಯ್ಯ ಬೇಸರ ಮಾಡಿಕೊಳ್ಳುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಅಂದರೆ, ಇಲ್ಲಿ ಕಾಲಿಗೆ ಕುತ್ತು ತರುವ ಕಾರಣ ಒಂದಲ್ಲ, ಹಲವು. ಈಗ ಮುಂದಿನ ಮಾತು. ಕಾರಣ ಹಲವಾದರೂ ಹುಣ್ಣು ಒಂದೇ ಥರ ಕಾಣುತ್ತದೆ. ಮನೆಯವರಿಗೆ ಅದು ಬರೇ ವಾಸಿಯಾಗದ ಗಾಯ. ನಿಜವಾಗಿ ನೋಡಿದರೆ ಅದರಲ್ಲಿ ಮೂರು ಬಗೆ ಇವೆ. ಮೊದಲನೆಯದು ಅಶುದ್ಧ ರಕ್ತದ ನಾಳದ ಹುಣ್ಣು. ಇದು ಸಾಮಾನ್ಯವಾಗಿ ಪಾದದ ಗಂಟಿನ ಒಳಮಗ್ಗುಲಿಗೆ, ಸ್ವಲ್ಪ ಮೇಲೆ ಆಗುತ್ತದೆ. ಸುತ್ತಲ ಚರ್ಮ ಕಂದುಗಪ್ಪಾಗಿರುತ್ತದೆ, ತುರಿಸುತ್ತದೆ, ನೀರು ಜಿನುಗುತ್ತದೆ. ಸಂಜೆಗೆ ಕಾಲು ಬಾತು, ಮೇಲೆತ್ತಿ ಮಲಗಿದರೆ ಹಗುರಾಗುತ್ತದೆ. ಎರಡನೆಯದು ಶುದ್ಧ ರಕ್ತ ತರುವ ಧಮನಿ ಮುಚ್ಚಿ ಆಗುವ ಹುಣ್ಣು. ಇದು ಬೆರಳ ತುದಿಗೆ, ಹಿಮ್ಮಡಿಗೆ ಬರುತ್ತದೆ. ಒಣಗಿರುತ್ತದೆ, ಪಾದ ತಣ್ಣಗಿರುತ್ತದೆ. ರಾತ್ರಿ ನೋವು ತಡೆಯಲಾರದೆ ರೋಗಿ ಕಾಲನ್ನು ಮಂಚದ ಕೆಳಗೆ ಇಳಿಬಿಟ್ಟು ಕೂರುತ್ತಾನೆ. ಅನೇಕರಿಗೆ ಇದಕ್ಕೂ ಮೊದಲು ತಿಂಗಳುಗಟ್ಟಲೆ ಒಂದು ಸೂಚನೆ ಸಿಕ್ಕಿರುತ್ತದೆ. ಒಂದಿಷ್ಟು ದೂರ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ಮೂರನೆಯದು ಸಕ್ಕರೆ ಕಾಯಿಲೆಯವರ ಜೋಮು ಹಿಡಿದ ಪಾದದ ಹುಣ್ಣು. ಅಂಗಾಲಲ್ಲಿ, ಭಾರ ಬೀಳುವ ಕಡೆ, ಆಣಿಯ ಅಡಿಯಲ್ಲಿ ಆಗುತ್ತದೆ. ನೋವೇ ಇರುವುದಿಲ್ಲ. ಪಾದ ಬೆಚ್ಚಗೇ ಇರಬಹುದು, ರಕ್ತ ಚೆನ್ನಾಗಿಯೇ ಹರಿಯುತ್ತಿರಬಹುದು. ಎರಡನೆಯದೂ ಮೂರನೆಯದೂ ಒಂದೇ ಕಾಲಲ್ಲಿ ಕೂಡಿಕೊಂಡರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಈ ಮೂರನ್ನು ಬೇರೆ ಮಾಡುವುದು ಪುಸ್ತಕದ ಪಾಂಡಿತ್ಯವಲ್ಲ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಅಶುದ್ಧ ರಕ್ತನಾಳದ ಹುಣ್ಣಿಗೆ ಬಿಗಿಯಾದ ಪಟ್ಟಿಯೇ ಮುಖ್ಯ ಚಿಕಿತ್ಸೆ. ಅದೇ ಪಟ್ಟಿಯನ್ನು ಧಮನಿ ಮುಚ್ಚಿದ ಕಾಲಿಗೆ ಬಿಗಿದರೆ ಇದ್ದ ಬದ್ದ ರಕ್ತವೂ ನಿಂತು ಬೆರಳು ಕಪ್ಪಾಗುತ್ತದೆ. ಮೊದಲನೆಯ ಬಗೆಗೆ ಕಾಲು ಮೇಲೆತ್ತಿ ಇಡಬೇಕು. ಎರಡನೆಯ ಬಗೆಯವರಿಗೆ ಕಾಲು ಮೇಲೆತ್ತಿದರೆ ನೋವು ಹೆಚ್ಚುತ್ತದೆ. ಜೋಮಿನ ಪಾದದಲ್ಲಿ ಸತ್ತ ಮಾಂಸ ಕೆತ್ತಿ ತೆಗೆದರೆ, ಭಾರ ಬೀಳದಂತೆ ನೋಡಿಕೊಂಡರೆ ಗಾಯ ಮಾಯುತ್ತದೆ. ರಕ್ತವಿಲ್ಲದ ಪಾದದಲ್ಲಿ ಹಾಗೆ ಕೆತ್ತಿದರೆ ಗಾಯ ಇನ್ನಷ್ಟು ದೊಡ್ಡದಾಗುತ್ತದೆ. ಒಂದು ಬೆರಳು ತೆಗೆದರೆ ಆ ಗಾಯ ಮಾಯದೆ ಇನ್ನೊಂದು ಬೆರಳು ತೆಗೆಯಬೇಕಾಗುತ್ತದೆ. ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ, ಆಮೇಲೆ ತೊಡೆ. ಊರಲ್ಲಿ ಇದನ್ನು ಸಕ್ಕರೆ ಮೇಲೇರಿತು ಎನ್ನುತ್ತಾರೆ. ಅನೇಕ ಸಲ ಮೇಲೇರಿದ್ದು ಸಕ್ಕರೆಯಲ್ಲ. ಕೆಳಗೆ ರಕ್ತ ಇಳಿಯದಿದ್ದದ್ದೇ ಕಾರಣ. ಮನೆಮದ್ದಿನ ಮಾತೂ ಇಲ್ಲಿ ಬರಬೇಕು. ತಣ್ಣಗಾದ, ಜೋಮು ಹಿಡಿದ ಪಾದಕ್ಕೆ ಬಿಸಿ ಇಟ್ಟಿಗೆ, ಉಸುಕಿನ ಶಾಖ ಕೊಡುವ ರೂಢಿ ನಮ್ಮಲ್ಲಿದೆ. ಸ್ಪರ್ಶವೇ ಇಲ್ಲದ ಚರ್ಮ ಸುಡುವುದು ಗೊತ್ತಾಗುವುದಿಲ್ಲ. ಶಾಖ ಕೊಟ್ಟ ಜಾಗದಲ್ಲೇ ಕೊಳೆತ ಶುರುವಾಗುತ್ತದೆ.

ಹುಣ್ಣು ಮೂರು ಬಗೆ, ಚಿಕಿತ್ಸೆ ಮೂರು ದಿಕ್ಕು ಎಂದಾಯಿತು. ಹಾಗಾದರೆ ಬೇರೆ ಮಾಡುವುದು ಹೇಗೆ? ಕೈಬೆರಳಿನಿಂದ. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸಾಲಿನಲ್ಲಿ ಒಂದು ನಾಡಿ ಬಡಿಯುತ್ತದೆ. ಪಾದದ ಗಂಟಿನ ಒಳಮಗ್ಗುಲ ಮೂಳೆಯ ಹಿಂದೆ ಇನ್ನೊಂದು. ಎರಡನ್ನೂ ಎರಡೂ ಕಾಲಲ್ಲಿ ಮುಟ್ಟಿ ನೋಡಬೇಕು. ಕೆಲವರಿಗೆ ಹುಟ್ಟಿನಿಂದಲೇ ಮೇಲಿನ ನಾಡಿ ಸಿಗುವುದಿಲ್ಲ. ಅದಕ್ಕೇ ಎರಡೂ ನೋಡಿ ಎನ್ನುವುದು. ನಾಡಿ ಸಿಗದಿದ್ದರೆ ಮುಂದಿನ ಹೆಜ್ಜೆ ಡಾಪ್ಲರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಅದು. ರಕ್ತ ಹರಿಯುವ ಸದ್ದನ್ನು ಕೇಳಿಸುತ್ತದೆ. ಅದನ್ನೂ ಬಿಪಿ ಪಟ್ಟಿಯನ್ನೂ ಬಳಸಿ ಪಾದದ ಗಂಟಿನ ಹತ್ತಿರದ ಒತ್ತಡ ಅಳೆಯುತ್ತಾರೆ, ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ಆರೋಗ್ಯವಂತರಲ್ಲಿ ಉತ್ತರ ಸುಮಾರು 1 ಬರುತ್ತದೆ. 0.9ಕ್ಕಿಂತ ಕೆಳಗಿದ್ದರೆ ಧಮನಿಯಲ್ಲಿ ತಡೆ ಇದೆ ಎಂದರ್ಥ. 0.4ರ ಆಸುಪಾಸಿಗೆ ಇಳಿದರೆ ಕಾಲೇ ಅಪಾಯದಲ್ಲಿದೆ. ಬಲ್ಲವರು ಇದಕ್ಕೆ ಒಂದು ಆಕ್ಷೇಪ ಎತ್ತಬಹುದು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರ ಧಮನಿಗೆ ಸುಣ್ಣ ಕಟ್ಟಿ ಗಡುಸಾಗಿರುತ್ತದೆ, ಪಟ್ಟಿ ಅದನ್ನು ಒತ್ತಲಾರದು, ಲೆಕ್ಕ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಆಕ್ಷೇಪ ನಿಜ. ಅಂಥವರಲ್ಲಿ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಸ್ಕ್ಯಾನ್ ಮಾಡಿಸಬೇಕು. ಆದರೆ ಇದು ಪರೀಕ್ಷೆಯನ್ನೇ ಬಿಡಲು ಕಾರಣವಾಗದು. ಲೆಕ್ಕ ಸರಿ ಕಂಡರೂ ನಾಡಿ ಸಿಗದವನನ್ನು ಮನೆಗೆ ಕಳಿಸಬೇಡಿ ಎಂಬುದಕ್ಕೆ ಮಾತ್ರ ಅದು ಕಾರಣ.

ಇನ್ನೊಂದು ಅಡ್ಡಿ ಇದೆ, ಅದನ್ನು ಯಾವ ವೈದ್ಯಕೀಯ ಪುಸ್ತಕವೂ ದೊಡ್ಡದಾಗಿ ಬರೆಯುವುದಿಲ್ಲ. ತಾಲೂಕು ದವಾಖಾನೆಯ ಹೊರರೋಗಿ ವಿಭಾಗದಲ್ಲಿ ಜನ ತುಂಬಿರುತ್ತಾರೆ. ಹೆಣ್ಣುಮಗಳು ಅಲ್ಲಿ ಸೀರೆ ಮೇಲೆತ್ತಿ ಮೊಣಕಾಲವರೆಗೆ ತೋರಿಸುವುದಿಲ್ಲ. ಕಾಲು ಹರಿಯುತ್ತದೆ ಎನ್ನುತ್ತಾಳೆ, ನೋವಿನ ಗುಳಿಗೆ ತೆಗೆದುಕೊಂಡು ಹೋಗುತ್ತಾಳೆ. ಸೀರೆಯ ಅಂಚಿನ ಕೆಳಗೆ ಉಬ್ಬಿದ ನಾಳ, ಕಪ್ಪಾದ ಚರ್ಮ ವರ್ಷಗಟ್ಟಲೆ ಅಡಗಿರುತ್ತದೆ. ಒಂದು ಪರದೆ, ಒಂದು ಬೆಂಚು, ಒಬ್ಬ ನರ್ಸಮ್ಮ ಇದ್ದರೆ ಈ ಅಡ್ಡಿ ಅರ್ಧ ಕಳೆಯುತ್ತದೆ. ಕಾಲುಂಗುರದ ವಿಚಾರವೂ ಹಾಗೇ. ಸಕ್ಕರೆ ಕಾಯಿಲೆಯ ಪಾದ ಬಾತಾಗ ಕಾಲುಂಗುರ ಬೆರಳನ್ನು ಬಿಗಿಯುತ್ತದೆ, ಅಲ್ಲಿಂದಲೇ ಹುಣ್ಣು ಏಳುತ್ತದೆ. ಮುತ್ತೈದೆ ಅದನ್ನು ತೆಗೆಯಲು ಒಪ್ಪುವುದು ಕಷ್ಟ. ಮನೆಯ ಹಿರಿಯರು, ಅತ್ತೆಯವರೇ ಮುಂದಾಗಿ ಬಿಚ್ಚಿಸಿದರೆ ಆ ಹೆಣ್ಣುಮಗಳಿಗೆ ಧೈರ್ಯ ಬರುತ್ತದೆ.

ಮುಟ್ಟಿ ನೋಡುವುದು ಸುಲಭ, ಅದಕ್ಕೆ ದೊಡ್ಡ ದವಾಖಾನೆ ಬೇಡ ಎಂಬಲ್ಲಿಗೆ ಬಂದೆವು. ಈಗ ಕೇಳಬಹುದು: ತಡೆ ಇದೆ ಎಂದು ಗೊತ್ತಾಗಿ ಏನು ಬಂತು, ಅದನ್ನು ಸರಿಮಾಡಲು ಆಗುತ್ತದೆಯೇ? ಆಗುತ್ತದೆ. ಇದು ನಿನ್ನೆ ಮೊನ್ನೆಯ ವಿದ್ಯೆಯೂ ಅಲ್ಲ. ಇಳಕಲ್ಲಿನವರಿಗೆ ಇದರ ಚರಿತ್ರೆ ಹಿಡಿಸಬಹುದು, ಏಕೆಂದರೆ ಇದು ಬಟ್ಟೆ, ನೂಲು, ಸೂಜಿಗಳ ಚರಿತ್ರೆ. 1894ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಆ ದೇಶದ ಅಧ್ಯಕ್ಷ ಸಾದಿ ಕಾರ್ನೋಗೆ ಒಬ್ಬ ಚೂರಿ ಹಾಕಿದ. ಹೊಟ್ಟೆಯ ದೊಡ್ಡ ರಕ್ತನಾಳ ಹರಿದಿತ್ತು. ಅಂಥ ನಾಳವನ್ನು ಹೊಲಿಯುವ ವಿದ್ಯೆ ಆಗ ಬಳಕೆಯಲ್ಲಿರಲಿಲ್ಲ. ಅಧ್ಯಕ್ಷ ತೀರಿಕೊಂಡ. ಅದೇ ಊರಿನಲ್ಲಿ ಆಗ ವೈದ್ಯಕೀಯ ಓದುತ್ತಿದ್ದ ತರುಣ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ನಾಟಿತು. ಲಿಯಾನ್ ರೇಷ್ಮೆ ನೇಕಾರರ ನಗರ. ಕ್ಯಾರೆಲ್ ಅಲ್ಲಿನ ಒಬ್ಬ ಕಸೂತಿ ಹೆಣ್ಣುಮಗಳ ಹತ್ತಿರ ಹೋಗಿ ಸಣ್ಣ ಸೂಜಿ, ನವಿರು ರೇಷ್ಮೆ ದಾರ ಹಿಡಿಯುವುದನ್ನು ಕಲಿತ. 1902ರಲ್ಲಿ ರಕ್ತನಾಳದ ಎರಡು ತುದಿಗಳನ್ನು ಸೇರಿಸಿ ಹೊಲಿಯುವ ಕ್ರಮವನ್ನು ಪ್ರಕಟಿಸಿದ. 1912ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ರಕ್ತನಾಳ ಜೋಡಿಸುವ ವೈದ್ಯರ ಕೆಲಸ ಹೆಚ್ಚು ಕಡಿಮೆ ಅಂಥದ್ದೇ. ಒಂದು ಎಳೆ ಸಡಿಲಾದರೂ ರಕ್ತ ಸೋರುತ್ತದೆ, ಹೆಚ್ಚು ಬಿಗಿದರೆ ದಾರಿ ಕಿರಿದಾಗುತ್ತದೆ.

ಆಮೇಲಿನ ಹೆಜ್ಜೆಗಳು ಒಂದೊಂದಾಗಿ ಬಂದವು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಜ್ಯಾನ್ ಕುನ್ಲಿನ್ ಎಂಬ ವೈದ್ಯ ರೋಗಿಯ ಕಾಲಿನದೇ ಒಂದು ನಾಳವನ್ನು ತೆಗೆದು, ಮುಚ್ಚಿದ ಧಮನಿಯ ಮೇಲಕ್ಕೂ ಕೆಳಕ್ಕೂ ಜೋಡಿಸಿ ರಕ್ತಕ್ಕೆ ಹೊಸ ದಾರಿ ಮಾಡಿದ. ಇದನ್ನೇ ಬೈಪಾಸ್ ಎನ್ನುತ್ತೇವೆ. ಜನ ಬೈಪಾಸ್ ಎಂದರೆ ಹೃದಯದ್ದು ಎಂದು ತಿಳಿಯುತ್ತಾರೆ, ಕಾಲಿಗೂ ಇದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮೈಕೇಲ್ ಡಿಬೇಕಿ ಅಂಗಡಿಯಿಂದ ಟೆರಿಲಿನ್ ಜಾತಿಯ ಡೇಕ್ರಾನ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ, ರಕ್ತನಾಳಕ್ಕೆ ಬದಲಾಗಿ ಹಾಕುವ ಕೊಳವೆ ಹೊಲಿದ. ಆ ಬಟ್ಟೆಯ ಕೊಳವೆಯ ಮಕ್ಕಳು ಮೊಮ್ಮಕ್ಕಳು ಇಂದಿಗೂ ಬಳಕೆಯಲ್ಲಿವೆ. 1963ರಲ್ಲಿ ಥಾಮಸ್ ಫೋಗಾರ್ಟಿ ತುದಿಯಲ್ಲಿ ಪುಟ್ಟ ಬಲೂನು ಇರುವ ಸಪೂರ ನಳಿಕೆಯ ವಿಧಾನವನ್ನು ಪ್ರಕಟಿಸಿದ. ತೊಡೆಸಂದಿಯಲ್ಲಿ ಚಿಕ್ಕ ಗಾಯ ಮಾಡಿ ನಳಿಕೆಯನ್ನು ಧಮನಿಯಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪಿನ ಆಚೆಗೆ ತೂರಿಸಬೇಕು. ಬಲೂನು ಉಬ್ಬಿಸಿ ಎಳೆದರೆ ಹೆಪ್ಪು ಹೊರಗೆ ಬರುತ್ತದೆ. 1964ರಲ್ಲಿ ಚಾರ್ಲ್ಸ್ ಡಾಟರ್ ಎಂಬಾತ ಕೊಯ್ಯದೆಯೇ, ತಂತಿಯ ಮೇಲೆ ನಳಿಕೆ ತೂರಿಸಿ ಮುಚ್ಚಿದ ಧಮನಿಯನ್ನು ಅಗಲಿಸಿದ. ಆ ರೋಗಿ 82 ವರ್ಷದ ಅಜ್ಜಿ. ಬೆರಳು ಕಪ್ಪಾಗಿದ್ದವು. ಕಾಲು ತೆಗೆಯಲು ವೈದ್ಯರು ಹೇಳಿದ್ದರು, ಆಕೆ ಒಲ್ಲೆ ಎಂದಿದ್ದಳು. ಡಾಟರ್ ಮಾಡಿದ ಕೆಲಸದಿಂದ ಕಾಲು ಉಳಿಯಿತು. ಆಮೇಲೆ ಬದುಕಿದ್ದಷ್ಟು ಕಾಲ ಆಕೆ ತನ್ನ ಕಾಲ ಮೇಲೆಯೇ ನಡೆದಳು.

ಅಂದಮೇಲೆ ದಾರಿಗಳು ಇವೆ, 60 ವರ್ಷಕ್ಕೂ ಮಿಕ್ಕಿ ಇವೆ. ಆದರೂ ಕಾಲು ತೆಗೆಯುವುದೇ ಸುಲಭ ಎಂದು ಏಕೆ ಆಗುತ್ತದೆ? ಮೊದಲ ಉತ್ತರ ದೂರ. ಈ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಳಕಲ್ಲಿನಿಂದ ಬಾಗಲಕೋಟೆ ಸುಮಾರು 60 ಕಿಲೋಮೀಟರ್. ಬಾದಾಮಿಯಿಂದ 40ರ ಆಸುಪಾಸು. ಹುಬ್ಬಳ್ಳಿ ಎಂದರೆ ಬಾಗಲಕೋಟೆಯಿಂದಲೂ 100 ಮೀರುತ್ತದೆ, ಬೆಂಗಳೂರು 400 ಮೀರುತ್ತದೆ. ರಕ್ತನಾಳಗಳನ್ನೇ ಮುಖ್ಯವಾಗಿ ಓದಿದ ಶಸ್ತ್ರವೈದ್ಯರು ನಮ್ಮ ದೇಶದಲ್ಲೇ ಕಡಿಮೆ, ಇದ್ದವರೂ ಬಹುಪಾಲು ದೊಡ್ಡ ನಗರಗಳಲ್ಲಿ. ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಸಂಸ್ಥೆ ಇದೆ. ಅಂಥದ್ದು ನಮ್ಮ ಸೀಮೆಯಲ್ಲಿಲ್ಲ. ಆದರೆ ಗಮನಿಸಿ, ಇಲ್ಲಿ ಎರಡು ಬೇರೆ ಬೇರೆ ಗಡುವುಗಳಿವೆ. ಧಮನಿ ನಿಧಾನವಾಗಿ ಮುಚ್ಚಿಕೊಂಡವನಿಗೆ ದಿನಗಳಿವೆ, ವಾರಗಳಿವೆ. ಅವನು ಬೆಂಗಳೂರಿಗಾದರೂ ಬೆಳಗಾವಿಗಾದರೂ ಹೋಗಿ ಬರಬಲ್ಲ, ಹೋಗಬೇಕು ಎಂದು ಸಮಯಕ್ಕೆ ಯಾರಾದರೂ ಹೇಳಿದರೆ. ಧಮನಿ ಒಮ್ಮೆಲೇ ಮುಚ್ಚಿದವನದು ಬೇರೆ. ಹೃದಯದ ಕವಾಟ ಕೆಟ್ಟವರಲ್ಲಿ, ಹೃದಯ ಬಡಿತ ತಪ್ಪಿದವರಲ್ಲಿ ಹೆಪ್ಪು ಹಾರಿ ಬಂದು ಕಾಲಿನ ಧಮನಿಗೆ ಸಿಕ್ಕಿಕೊಳ್ಳುತ್ತದೆ. ಕ್ವಾರಿಯಲ್ಲಿ, ಹುನಗುಂದ ಇಳಕಲ್ಲಿನ ಮೇಲೆ ಹಾಯುವ ಹೆದ್ದಾರಿಯಲ್ಲಿ ಗಾಯವಾದವರದೂ ಇದೇ ಸ್ಥಿತಿ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗುತ್ತದೆ, ಬಿಳಚುತ್ತದೆ, ಸಿಡಿಯುವ ನೋವು ಬರುತ್ತದೆ, ಬೆರಳು ಆಡುವುದಿಲ್ಲ. ಇವರಿಗೆ ಇರುವುದು ಸುಮಾರು 6 ತಾಸು. ಅಷ್ಟರಲ್ಲಿ ರಕ್ತ ಮತ್ತೆ ಹರಿಯದಿದ್ದರೆ ಸ್ನಾಯು ಸಾಯತೊಡಗುತ್ತದೆ. ಬೆಂಗಳೂರಿನ ದಾರಿಯೇ ಈ 6 ತಾಸನ್ನು ನುಂಗುತ್ತದೆ.

ಹಾಗಾಗಿ ದೂರದ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ದೂರ ಹೆಚ್ಚಾದಷ್ಟೂ ಮೊದಲು ಮುಟ್ಟಿದ ಕೈಯ ಬೆಲೆ ಹೆಚ್ಚುತ್ತದೆ. ತಾಲೂಕು ದವಾಖಾನೆಯಲ್ಲಿ ಇದು ಧಮನಿಯದು ಎಂದು ಗುರುತಿಸಬೇಕು. ಬೇಡವೆನ್ನುವ ಕಾರಣ ಇಲ್ಲದಿದ್ದರೆ ಹೆಪಾರಿನ್ ಇಂಜೆಕ್ಷನ್ ಕೊಟ್ಟು ಹೆಪ್ಪು ಬೆಳೆಯುವುದನ್ನು ತಡೆಯಬೇಕು. ಕೂಡಲೇ 108 ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳಿಸಬೇಕು, ಹೋಗುವ ದವಾಖಾನೆಗೆ ಫೋನು ಮಾಡಿ ಹೇಳಬೇಕು. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಅದರ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ಫೋಗಾರ್ಟಿ ನಳಿಕೆಯಿಂದ ಹೆಪ್ಪು ತೆಗೆಯುವುದನ್ನು ತರಬೇತಾದ ಸಾಮಾನ್ಯ ಶಸ್ತ್ರವೈದ್ಯರೂ ಮಾಡಬಲ್ಲರು. ಅನೇಕ ಸಲ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡಬಹುದು. ಜಿಲ್ಲಾ ಮಟ್ಟದಲ್ಲಿ ಈ ಒಂದು ಕೆಲಸಕ್ಕೆ ಹಗಲೂ ರಾತ್ರಿ ಒಬ್ಬ ತರಬೇತಾದವರು, ಒಂದು ನಳಿಕೆಯ ಪೆಟ್ಟಿಗೆ ಸಿದ್ಧವಿದ್ದರೆ 6 ತಾಸಿನ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಂತೆ. ಇದರ ಜೊತೆ ಒಂದು ಎಚ್ಚರ. ಹಾವು ಕಡಿದಾಗ ತೊಡೆಗೆ ಬಿಗಿದು ಹಗ್ಗ ಕಟ್ಟಿ ಗಂಟೆಗಟ್ಟಲೆ ಹಾಗೇ ಕರೆತರುತ್ತಾರೆ. ರಕ್ತ ನಿಲ್ಲಿಸುವ ಆ ಕಟ್ಟು ವಿಷಕ್ಕಿಂತ ಮೊದಲು ಕಾಲನ್ನು ಕೊಂದ ಉದಾಹರಣೆಗಳು ವೈದ್ಯಲೋಕಕ್ಕೆ ಹೊಸವಲ್ಲ.

ಎರಡನೆಯ ಆಕ್ಷೇಪ ಹಣದ್ದು. ಕಾಲು ತೆಗೆದರೆ ಖರ್ಚು ಕಡಿಮೆ, ಬೈಪಾಸು, ಬಲೂನಿನಿಂದ ಧಮನಿ ಅಗಲಿಸುವ ಆಂಜಿಯೋಪ್ಲಾಸ್ಟಿ ಬಡವರಿಗಲ್ಲ ಎಂಬ ಮಾತು. ದವಾಖಾನೆಯ ಬಿಲ್ಲನ್ನಷ್ಟೇ ನೋಡಿದರೆ ನಿಜ ಎನಿಸುತ್ತದೆ. ಆದರೆ ಕಾಲು ಹೋದ ನೇಕಾರನ ಮುಂದಿನ 10, 20 ವರ್ಷದ ಕೂಲಿಯನ್ನು ಆ ಬಿಲ್ಲಿಗೆ ಯಾರೂ ಕೂಡಿಸುವುದಿಲ್ಲ. ಅವನನ್ನು ನೋಡಿಕೊಳ್ಳಲು ದುಡಿಮೆ ಬಿಟ್ಟ ಹೆಂಡತಿಯ, ಸಾಲೆ ಬಿಟ್ಟ ಮಗಳ ಲೆಕ್ಕವೂ ಅದರಲ್ಲಿ ಇಲ್ಲ. ಜೈಪುರ ಕಾಲು ಇದೆಯಲ್ಲ ಎಂದು ಕೇಳಬಹುದು. 1968ರಲ್ಲಿ ರೂಪುಗೊಂಡ ಆ ಕಾಲು ಈ ದೇಶದ ಹೆಮ್ಮೆ, ಒಪ್ಪುತ್ತೇನೆ. ಆದರೆ ಅದು ಮೊಣಕಾಲು ಉಳಿದವರಿಗೆ ಚೆನ್ನಾಗಿ ಕೂರುತ್ತದೆ. ತೊಡೆಯವರೆಗೆ ಹೋದ, ವಯಸ್ಸಾದ ರೋಗಿಗೆ ಅದನ್ನು ಹಾಕಿಕೊಂಡು ನಡೆಯುವುದು ಬಹಳ ಶ್ರಮ, ಎಷ್ಟೋ ಜನ ಮೂಲೆಗೆ ಒರಗಿಸಿ ಇಡುತ್ತಾರೆ. ಎಲ್ಲಿ ಕತ್ತರಿಸುತ್ತಾರೆ ಎಂಬುದು ಎಲ್ಲಿಯವರೆಗೆ ರಕ್ತವಿದೆ ಎಂಬುದರ ಮೇಲೆ ನಿಂತಿದೆ. ಧಮನಿ ತೆರೆದ ಮೇಲೂ ಸತ್ತ ಬೆರಳು ಹೋಗಲೇಬೇಕು. ಆದರೆ ತೊಡೆಗೆ ಬರಬೇಕಾಗಿದ್ದ ಕತ್ತರಿ ಬೆರಳಲ್ಲೇ ನಿಲ್ಲಬಹುದು. ಇನ್ನು ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಅದರಲ್ಲಿ ಅವಕಾಶವಿದೆ. ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿರುವ ಯಶಸ್ವಿನಿ ಯೋಜನೆ ಇದೆ. ತೊಡಕಿರುವುದು ಒಂದು ಕಡೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ದವಾಖಾನೆಯ ರೆಫರಲ್ ಚೀಟಿ ಬೇಕು. ಆ ಚೀಟಿಯಲ್ಲಿ ಬರೇ ಸಕ್ಕರೆ ಕಾಯಿಲೆಯ ಗಾಯ ಎಂದು ಬರೆದರೆ ರೋಗಿ ಗಾಯದ ವಿಭಾಗಕ್ಕೆ ಹೋಗುತ್ತಾನೆ. ಪಾದದಲ್ಲಿ ನಾಡಿ ಇಲ್ಲ ಎಂದು ಬರೆದರೆ ರಕ್ತನಾಳದ ವೈದ್ಯರ ಹತ್ತಿರ ಹೋಗುತ್ತಾನೆ.

ದೂರ ಮತ್ತು ಹಣ ಎರಡೂ ನಿಜವಾದ ಅಡ್ಡಿಗಳೇ, ಆದರೆ ನೋಡದಿರಲು ನೆಪವಾಗವು. ಇದು ಇಲ್ಲಿಯವರೆಗಿನ ಮಾತು. ಮೂರನೆಯ ಆಕ್ಷೇಪ ವೈದ್ಯರಿಂದಲೇ ಬರುತ್ತದೆ. ಧಮನಿ ತೆರೆದರೂ ಇಂಥ ರೋಗಿಗಳು ಬಹಳ ದಿನ ಬದುಕುವುದಿಲ್ಲ, ಹೃದಯ, ಮೂತ್ರಪಿಂಡ ಎರಡೂ ಕೆಟ್ಟಿರುತ್ತವೆ, ಸುಮ್ಮನೆ ಯಾಕೆ ಹಿಂಸೆ ಎನ್ನುತ್ತಾರೆ. ಸಕ್ಕರೆ ಕಾಯಿಲೆಯಲ್ಲಿ ದೊಡ್ಡ ಮಟ್ಟದಲ್ಲಿ ಕಾಲು ತೆಗೆದವರಲ್ಲಿ ಸುಮಾರು ಅರ್ಧದಷ್ಟು ಜನ 5 ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಕತ್ತರಿಸಿದ್ದೇ ಸಾವಿಗೆ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ, ಹೆಚ್ಚು ಕೆಟ್ಟವರಿಗೇ ಕತ್ತರಿ ಬೀಳುತ್ತದೆ. ಆದರೂ ಉಳಿದ ಆ ವರ್ಷಗಳನ್ನು ಹಾಸಿಗೆಯಲ್ಲಿ ಕಳೆಯುವುದಕ್ಕೂ ಅಂಗಳದಲ್ಲಿ ನಡೆದಾಡಿ ಕಳೆಯುವುದಕ್ಕೂ ಅಂತರವಿಲ್ಲವೇ? ಯಾವ ಚಿಕಿತ್ಸೆ ಮೇಲು ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. 2022ರಲ್ಲಿ ಪ್ರಕಟವಾದ ಸುಮಾರು 1,800 ರೋಗಿಗಳ ಅಧ್ಯಯನವೊಂದರಲ್ಲಿ, ಒಳ್ಳೆಯ ನಾಳ ಸಿಗುವವರಿಗೆ ಮೊದಲು ಬೈಪಾಸ್ ಮಾಡುವುದೇ ಮೇಲು ಎಂದು ಕಂಡಿತು. ಮರುವರ್ಷ ಬ್ರಿಟನ್ನಿನಿಂದ ಬಂದ ಸುಮಾರು 350 ರೋಗಿಗಳ ಅಧ್ಯಯನದಲ್ಲಿ, ಮೊಣಕಾಲಿನ ಕೆಳಗಿನ ಧಮನಿ ಕೆಟ್ಟವರಿಗೆ ಮೊದಲು ಬಲೂನು ಚಿಕಿತ್ಸೆಯೇ ಮೇಲು ಎಂದು ಕಂಡಿತು. ಇದು ಕೇಳಿ ಗಲಿಬಿಲಿಗೊಳ್ಳಬೇಡಿ. ಯಾವುದು ಸರಿ ಎಂದು ಆ ರೋಗಿಯ ಧಮನಿ ನೋಡಿ ಆ ವೈದ್ಯರು ಹೇಳುತ್ತಾರೆ. ಎರಡೂ ಅಧ್ಯಯನಗಳಲ್ಲಿ ಒಂದು ಸಂಗತಿ ಮಾತ್ರ ಸಮಾನವಾಗಿತ್ತು. ಅಲ್ಲಿ ಪ್ರತಿಯೊಬ್ಬ ರೋಗಿಯ ರಕ್ತದ ದಾರಿಯನ್ನು ಮೊದಲು ನೋಡಿದ್ದರು.

ನಾಲ್ಕನೆಯದು ನಮ್ಮ ರಾಜಕೀಯ ವೇದಿಕೆಗಳ ಮಾತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬರಲಿ, ಆಗ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಬರಲಿ, ಬೇಡ ಎನ್ನುವವರು ಯಾರು? ಆದರೆ ಕಟ್ಟಡ ಬಂದು, ಯಂತ್ರ ಬಂದು, ವೈದ್ಯರು ಬರುವವರೆಗೆ ಎಷ್ಟು ಕಾಲುಗಳು ಕಾಯಬೇಕು? ಬಂದ ಮೇಲೂ ಬಾದಾಮಿಯ ಹಳ್ಳಿಯ ಮುದುಕಪ್ಪ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಮೊದಲು ಹಳ್ಳಿಯ ಡಾಕ್ಟರ ಹತ್ತಿರ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಆಮೇಲೆ ತಾಲೂಕಿಗೆ. ಈ ಮೂರು ಮೆಟ್ಟಿಲಲ್ಲಿ ಯಾರೂ ಪಾದ ಮುಟ್ಟದಿದ್ದರೆ ಅವನು ಸೂಪರ್ ಸ್ಪೆಷಾಲಿಟಿಗೆ ಬರುವುದು ಕಪ್ಪಾದ ಕಾಲಿನೊಂದಿಗೇ. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಅಧ್ಯಯನ ಹೇಳಿತು. ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡ 10 ಜನರಲ್ಲಿ 8 ಜನಕ್ಕಾದರೂ ಮೊದಲು ಒಂದು ಸಣ್ಣ ಹುಣ್ಣು ಇತ್ತು ಎಂಬುದು ಬಹುಕಾಲದಿಂದ ಗೊತ್ತಿರುವ ಸತ್ಯ. ತಾಲೂಕು ದವಾಖಾನೆಯಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳಿಗಿರುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಬಿಪಿ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ. ಅದೇ ಕುರ್ಚಿಯಲ್ಲಿ ಚಪ್ಪಲಿ ಬಿಡಿಸಿ ಪಾದ ನೋಡಲು ಅರ್ಧ ನಿಮಿಷ ಸಾಕು.

ತಂಬಾಕಿನ ವಿಚಾರ ಬಿಟ್ಟರೆ ಈ ಮಾತು ಪೂರ್ತಿಯಾಗದು. 40 ದಾಟುವ ಮುನ್ನವೇ ಬೆರಳು ಕಪ್ಪಾಗಿ ಬರುವ ಗಂಡಸರಿದ್ದಾರೆ. ಸಕ್ಕರೆ ಇರುವುದಿಲ್ಲ, ಬಿಪಿ ಇರುವುದಿಲ್ಲ. ಬೀಡಿ ಇರುತ್ತದೆ. 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಕಾಯಿಲೆ ಇದು, ಅವನ ಹೆಸರಿನಿಂದಲೇ ಕರೆಯುತ್ತಾರೆ. ಕಾಲಿನ, ಕೈಯ ಸಣ್ಣ ಧಮನಿಗಳೇ ಮುಚ್ಚುವುದರಿಂದ ಬೈಪಾಸ್ ಹೊಲಿಯಲು ಬಹಳ ಸಲ ಜಾಗವೇ ಇರುವುದಿಲ್ಲ. ಬೆನ್ನಿನ ಹತ್ತಿರದ ನರತಂತು ಕತ್ತರಿಸುವ ಶಸ್ತ್ರಚಿಕಿತ್ಸೆ ಕೆಲವರಿಗೆ ನೋವು ತಗ್ಗಿಸುತ್ತದೆ, ಹುಣ್ಣು ಮಾಯಲು ನೆರವಾಗುತ್ತದೆ. ನಿಜವಾದ ಚಿಕಿತ್ಸೆ ಒಂದೇ, ತಂಬಾಕನ್ನು ಪೂರ್ತಿ ಬಿಡುವುದು. ಬಿಟ್ಟವರ ಕಾಲು ಬಹುಮಟ್ಟಿಗೆ ಉಳಿಯುತ್ತದೆ. ದಿನಕ್ಕೆ ಒಂದೆರಡು ಸೇದಿದರೂ ರೋಗ ಮುಂದುವರಿಯುತ್ತದೆ. ಸುಣ್ಣ ತಿಕ್ಕಿ ಬಾಯಿಗಿಡುವ ತಂಬಾಕಿಗೂ ಇದೇ ಮಾತು. ಮಾಡಿದ್ದುಣ್ಣೋ ಮಹಾರಾಯ ಎಂದು ಇವರನ್ನು ಬಿಟ್ಟುಬಿಡೋಣವೇ ಎಂದು ಕೇಳುವವರಿದ್ದಾರೆ. ಬಿಡಿಸುವ ಮಾತನ್ನು ವಾರ್ಡಿನಲ್ಲಿ ಯಾರೂ ಕೂತು ಹೇಳದೆ, ಹೊರಗೆ ಬಾಗಿಲಲ್ಲೇ ಬೀಡಿ ಮಾರುವ ಅಂಗಡಿ ಇಟ್ಟುಕೊಂಡು, ತಪ್ಪನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಉಬ್ಬಿದ ಅಶುದ್ಧ ರಕ್ತದ ನಾಳಗಳ ಬಗ್ಗೆ ಎರಡೇ ಮಾತು. ಇದರಿಂದ ಕಾಲು ಹೋಗುವುದು ಅಪರೂಪ, ಅದಕ್ಕೇ ಜನ ಅಸಡ್ಡೆ ಮಾಡುತ್ತಾರೆ. ಹುಣ್ಣಾದ ಮೇಲೆ ವರ್ಷಗಟ್ಟಲೆ ದುಡಿಮೆ ಕೆಡುತ್ತದೆ. ಕೆಟ್ಟ ನಾಳವನ್ನು ಕಟ್ಟಿ ತೆಗೆಯುವ ಹಳೆಯ ಶಸ್ತ್ರಚಿಕಿತ್ಸೆಯೂ ಇದೆ, ಲೇಸರ್ ಶಾಖದಿಂದ ಒಳಗೇ ಮುಚ್ಚುವ ಹೊಸದೂ ಇದೆ. ನಮ್ಮ ಏಪ್ರಿಲ್ ಮೇ ಬಿಸಿಲಲ್ಲಿ ಬಿಗಿ ಕಾಲುಚೀಲ ಹಾಕಿಕೊಳ್ಳುವುದು ಹಿಂಸೆ, ಅದು ನಿಜ. ದುಡಿಯುವ ಹೊತ್ತಿನಲ್ಲಾದರೂ ಹಾಕಿ, ಮಲಗುವಾಗ ಬಿಚ್ಚಿ. ಆದರೆ ಮೊದಲು ಪಾದದ ನಾಡಿ ನೋಡಿಸಿಕೊಂಡೇ ಹಾಕಿ.

ಕೊನೆಗೆ, ದವಾಖಾನೆಗೆ ಹೋಗುವವರಿಗೆ. ವಾಸಿಯಾಗದ ಗಾಯ ಎರಡು ವಾರ ದಾಟಿದ್ದರೆ, ನಡೆದರೆ ಮೀನಖಂಡ ಹಿಡಿಯುತ್ತಿದ್ದರೆ, ಬೆರಳ ಬಣ್ಣ ಬದಲಾಗಿದ್ದರೆ ಎರಡೂ ಕಾಲಿನ ಚಪ್ಪಲಿ ಬಿಟ್ಟು ತೋರಿಸಿ. ಡಾಕ್ಟರೇ, ಪಾದದಲ್ಲಿ ನಾಡಿ ಸಿಗುತ್ತದೆಯೇ ಎಂದು ಕೇಳಿ. ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ. ಕಾಲು ತೆಗೆಯಬೇಕು ಎಂದು ಹೇಳಿದರೆ, ಡಾಪ್ಲರ್ ಮಾಡಿಸಿದ್ದಾರೆಯೇ, ಧಮನಿ ತೆರೆಯಲು ಅವಕಾಶ ಇದೆಯೇ ಎಂದು ಕೇಳಿ. ಬೇರೆ ಊರಿಗೆ ಕಳಿಸಿದರೆ ಬಿಪಿಎಲ್ ಕಾರ್ಡು, ಆಧಾರ್, ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಯೋಜನೆಯ ಕಾಗದಪತ್ರಕ್ಕೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ. ರೆಫರಲ್ ಚೀಟಿ ಕೈಗೆ ಬಂದ ಮೇಲೆ ಮಡಚಿ ಜೇಬಿಗೆ ಹಾಕುವ ಮೊದಲು ಓದಿಸಿಕೊಳ್ಳಿ. ಯಾವ ಕಾಲು, ಯಾವ ಹೊತ್ತಿಗೆ ಶುರುವಾಯಿತು, ಪಾದದಲ್ಲಿ ನಾಡಿ ಇದೆಯೋ ಇಲ್ಲವೋ, ಈ ಮೂರೂ ಅದರಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಂಡು ಹೊರಡಿ.